ನಮ್ಮ ತಾರಸಿಯ ತಗಾದೆ

ಯಲಹಂಕದ ಹಳೆಯ ಪೇಟೆಯಲ್ಲಿ ನಮ್ಮ ತಂದೆಯವರು ೧೯೫೮ರಲ್ಲಿ ಕಟ್ಟಿಸಿದ ಮನೆಯೊಂದುಂಟು. ನಾವು ಹುಟ್ಟಿದುದು ಅಲ್ಲಿಯೇ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಗೆ ಹೋಗಿಬಂದುದು ಅಲ್ಲಿಂದಲೇ. ಈಗ ವಿಶ್ರಾಂತಿಯ ಕಾಲದಲ್ಲಿ ಜಗುಲಿಯ ಮೇಲೆ ಕುಳಿತು ಬೀದಿಯನ್ನು ನೋಡುವುದೂ ಅಲ್ಲಿಯೇ. ನಮ್ಮ ಬಾಲ್ಯದಲ್ಲಿ ಯಲಹಂಕವು ಬೆಂಗಳೂರಾಗಿರಲಿಲ್ಲ. ಬೆಂಗಳೂರಿಗೆ ಹೋಗುವುದೆಂದರೆ ಬೆಳಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವ ಕೆಲಸ. ೨೦೦೭ರಲ್ಲಿ ನಮ್ಮ ಊರಿನ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾದ ಮೇಲೆ ನಾವು ಕುಳಿತಲ್ಲಿಂದ ಏಳದೆಯೇ ಬೆಂಗಳೂರಿಗರಾದೆವು. ಸುತ್ತಲೂ ನಾಲ್ಕು ಅಂತಸ್ತಿನ ಮನೆಗಳೆದ್ದುವು. ನಮ್ಮ ಮನೆಯು ಮಾತ್ರ ತಗ್ಗಾಗಿ, ಹಿರಿಯರ ನಡುವೆ ಕುಳಿತ ಹುಡುಗನಂತೆ ಉಳಿಯಿತು.

ಅದಕ್ಕಿರುವುದು ಮದರಾಸು ತಾರಸಿ. ಈಗಿನವರಲ್ಲಿ ಅನೇಕರು ಇದನ್ನು ಕಟ್ಟುವುದನ್ನು ಕಂಡಿರಲಾರರಾದುದರಿಂದ ಎರಡು ಮಾತು ಹೇಳುತ್ತೇವೆ. ಗೋಡೆಯಿಂದ ಗೋಡೆಗೆ ತೇಗದ ಜಂತೆಗಳನ್ನು ಹಾಯಿಸಿ, ಅವುಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಓರೆಯಾಗಿ ಜೋಡಿಸುವರು. ಅದರ ಮೇಲೆ ಇಟ್ಟಿಗೆಯ ಜಲ್ಲಿಯನ್ನು ಸುಣ್ಣದೊಡನೆ ಕಲಸಿ ಹರಡಿ, ಅಳಲೆಕಾಯಿಯನ್ನೂ ಬೆಲ್ಲವನ್ನೂ ನೆನೆಹಾಕಿದ ನೀರನ್ನು ಚಿಮುಕಿಸುತ್ತ, ಕೊಡತಿಗಳಿಂದ ದಿನಗಟ್ಟಲೆ ಬಡಿಯುವರು. ಬಡಿದ ಕೊಡತಿಯು ಪುಟಿದು ಹಿಂದಕ್ಕೆ ಬರುವವರೆಗೂ ಬಡಿಯಬೇಕೆಂಬುದು ಹಳೆಯ ಕೆಲಸಗಾರರ ಲೆಕ್ಕ. ನಮ್ಮ ತಾಯಿಯವರು ಹೇಳುತ್ತಿದ್ದಂತೆ, ಬಡಿಯುವ ಹೆಂಗಸರ ಹಾಡು ಇಡೀ ಬೀದಿಗೆ ಕೇಳುತ್ತಿದ್ದಿತಂತೆ. ಹೀಗೆ ಕೂತ ತಾರಸಿಯು ಅರುವತ್ತಾರು ವರ್ಷ ಬಿಸಿಲು ಮಳೆಗಳನ್ನು ತಾಳಿ, ಕಡೆಗೆ ದೇವರ ಮನೆಯ ಮೂಲೆಯಲ್ಲಿ ತೊಟ್ಟಿಕ್ಕಲಾರಂಭಿಸಿತು.

೨೦೨೪ರ ಗಣೇಶ ಚತುರ್ಥಿಯು ಕಳೆದ ವಾರ ಒಬ್ಬ ಗುತ್ತಿಗೆದಾರನನ್ನು ಕರೆಸಿದೆವು. ಆತನ ಹೆಸರು ಇಲ್ಲಿ ಬೇಡ. ನಲವತ್ತೈದರ ಪ್ರಾಯ, ಕೆಲಸ ಬಲ್ಲವನು, ಮಾತು ಅದಕ್ಕಿಂತ ಸ್ವಲ್ಪ ಹೆಚ್ಚಾಗಿ ಬಲ್ಲವನು. ಮೇಲಿನ ಹಳೆಯ ಪದರವನ್ನು ಕಿತ್ತು, ಹೊಸ ಪದರ ಹಾಕಿ, ಬಿಲ್ಲೆ ಕೂರಿಸಿಕೊಡುವುದಕ್ಕೆ ೪,೨೦,೦೦೦ ರೂಪಾಯಿಗಳೆಂದು ಮಾತಾಯಿತು. ‘ಬರೆದಿಟ್ಟುಕೊಳ್ಳೋಣವೇ?’ ಎಂದು ಕೇಳಲಾಗಿ, ‘ನಿಮ್ಮಂಥ ಮೇಷ್ಟ್ರ ಹತ್ತಿರ ಬರವಣಿಗೆ ಏತಕ್ಕೆ ಸ್ವಾಮಿ?’ ಎಂದನು. ಆ ಮಾತು ನಮಗೆ ಹಿತವಾಗಿ ಕೇಳಿಸಿತು. ಜೀವಮಾನವೆಲ್ಲ ಹುಡುಗರಿಗೆ ‘ಬರೆದುಕೊಳ್ಳಿರಿ, ಬರೆದುಕೊಳ್ಳಿರಿ’ ಎಂದು ಹೇಳುತ್ತ ಬಂದ ನಾವು ಒಂದು ಹಾಳೆಯನ್ನೂ ಬರೆಯದೆ, ಎರಡು ಕಂತುಗಳಲ್ಲಿ ೨,೫೦,೦೦೦ ರೂಪಾಯಿಗಳನ್ನು ಕೊಟ್ಟೆವು.

ಆತನು ಕೂಡಲೆ ಪ್ರಾರಂಭಿಸುವೆನೆಂದನು. ಮರುದಿನವೊ ಮೂರನೆಯ ದಿನವೊ ಪಿತೃಪಕ್ಷವು ಬರುವುದಿದ್ದಿತಾಗಿ ನಾವು ಅದು ಕೂಡದೆಂದೂ, ವಿಜಯದಶಮಿಯಂದು ಕೆಲಸಕ್ಕೆ ಕೈಹಚ್ಚತಕ್ಕದ್ದೆಂದೂ ತಿಳಿಸಿದೆವು. ಆತನು ಏನೊ ಹೇಳಿದನು. ನಮ್ಮ ಮಾತೇ ನಿಂತಿತು. ಆ ಪಕ್ಷದ ದಿನಗಳು ನಮ್ಮ ಪೇಟೆಯಲ್ಲಿ ಬಹುಮಟ್ಟಿಗೆ ಬಿಸಿಲಿನಲ್ಲಿಯೇ ಕಳೆದುವು.

ಅಕ್ಟೋಬರ್ ೧೨ರಂದು ವಿಜಯದಶಮಿ. ತೆಂಗಿನಕಾಯಿ ಒಡೆದು ಮರಳು ಇಳಿಸಿಕೊಂಡುದಾಯಿತು. ೧೫ ಮತ್ತು ೧೬ರಂದು ಬೆಂಗಳೂರಿನಲ್ಲೆಲ್ಲ ಜೋರು ಮಳೆ ಸುರಿದುದನ್ನು ವಾಚಕರು ಮರೆತಿರಲಾರರು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಹೀಗೆ ಎಚ್ಚರಿಕೆಯು ಬಂದುಹೋದ ಮೇಲೆಯೂ, ಆಳುಗಳು ದೀಪಾವಳಿಗೆ ಊರಿಗೆ ಹೋಗಿಬಿಡುವರೆಂಬ ಆತುರದಿಂದ, ಆತನು ೧೮ರಿಂದ ಮೂರು ದಿನಗಳಲ್ಲಿ ಇಡೀ ತಾರಸಿಯನ್ನು ಒಮ್ಮೆಗೇ ಕಿತ್ತುಹಾಕಿಸಿದನು. ಅರ್ಧ ಕಿತ್ತು, ಅದನ್ನು ಮುಚ್ಚಿ, ಇನ್ನರ್ಧಕ್ಕೆ ಹೋಗುವುದು ಕ್ರಮ. ಕಿತ್ತ ಗಾರೆಯನ್ನು ಇಳಿಸದೆ ಮೂಲೆಗೆ ಗುಡ್ಡೆ ಮಾಡಿಸಿದ್ದನಾದುದರಿಂದ ನೀರು ಹೊರಹೋಗುವ ಕೊಳವೆಯ ಬಾಯಿ ಮುಚ್ಚಿಹೋಗಿದ್ದಿತು. ಟಾರ್ಪಾಲು ನಾಳೆ ಬರುತ್ತದೆಂದು ಎರಡು ದಿನಗಳಿಂದ ಹೇಳುತ್ತಿದ್ದನು.

೨೧ರ ರಾತ್ರಿ ಮಳೆ ಹಿಡಿಯಿತು. ಅದೇ ಮಳೆಗೆ ನಮ್ಮ ಊರಿನ ಕೇಂದ್ರೀಯ ವಿಹಾರದ ವಸತಿಗಳಿಗೆ ನೀರು ನುಗ್ಗಿ, ಅಲ್ಲಿಯ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ನಮಗೆ ದೋಣಿಯ ಯೋಗವಿರಲಿಲ್ಲ. ನೀರು ನಮಗೆ ಕೆಳಗಿನಿಂದ ಬರದೆ ಮೇಲಿನಿಂದ ಬಂದಿತು. ತಾರಸಿಯು ಹೊಂಡದಂತೆ ತುಂಬಿಕೊಂಡು, ಮುಚ್ಚಳವಿಲ್ಲದ ಹಳೆಯ ಇಟ್ಟಿಗೆಗಳ ಸಂದಿನಲ್ಲೆಲ್ಲ ಇಳಿಯಿತು. ಒಂದು ಗಂಟೆಯ ಹೊತ್ತಿಗೆ ನಡುಮನೆಯ ಒಳಮಾಳಿಗೆಯ ಗಾರೆಯು ರೊಟ್ಟಿಯಂತೆ ಕಳಚಿ ಬಿದ್ದಿತು. ದೀಪಗಳು ಆರಿಹೋದುವು. ನಾವೂ ನಮ್ಮ ಮನೆಯಾಕೆಯೂ ಕೊಳಗ, ಬಕೆಟ್ಟು, ಹಂಡೆ, ಕಡೆಗೆ ದೇವರ ಅಭಿಷೇಕದ ತಟ್ಟೆಯವರೆಗೂ ಹೊತ್ತುತಂದು ಇಟ್ಟೆವು. ಬೆಳಕು ಹರಿದ ಮೇಲೆ ನೋಡಲಾಗಿ ಎರಡು ಜಂತೆಗಳ ತುದಿಗಳು ನೆನೆದು ಕಪ್ಪಾಗಿದ್ದುವು. ನಮ್ಮ ತಂದೆಯವರ ಪುಸ್ತಕಗಳಿದ್ದ ಕಪಾಟು ನೆತ್ತಿಯಿಂದ ಕಾಲಿನವರೆಗೆ ತೊಯ್ದಿದ್ದಿತು.

ಗುತ್ತಿಗೆದಾರನು ಮೂರನೆಯ ದಿನ ಬಂದನು. ಮೇಲೆ ನೋಡಿ, ಕೆಳಗೆ ನೋಡಿ, ‘ಇಂಥ ಮಳೆ ಬಂದರೆ ಯಾರು ಏನು ಮಾಡಕ್ಕಾಗುತ್ತೆ, ಮೇಷ್ಟ್ರೇ?’ ಎಂದನು. ನಮಗೆ ಮೈ ಉರಿಯಿತು. ಆ ವರ್ಷದ ಸಂವತ್ಸರದ ಹೆಸರು ಕ್ರೋಧಿ. ನಮ್ಮ ಮಟ್ಟಿಗೆ ಅದು ಅನ್ವರ್ಥವಾಯಿತು. ಒಂದು ಕಾಸನ್ನೂ ಇನ್ನು ಕೊಡುವುದಿಲ್ಲವೆಂದೆವು. ಹಾಗಾದರೆ ಒಂದು ಇಟ್ಟಿಗೆಯನ್ನೂ ಮುಟ್ಟುವುದಿಲ್ಲವೆಂದು ಆತನು ಹೊರಟುಹೋದನು. ನಮ್ಮ ಖರ್ಚಿನಲ್ಲಿ ಟಾರ್ಪಾಲು ತರಿಸಿ ಹೊದಿಸಿದೆವು. ನೀಲಿಯ ಹೊದಿಕೆಯ ಕೆಳಗೆ ಎರಡು ತಿಂಗಳು ಹಾಗೆಯೇ ಕಳೆಯಿತು.

ಈ ಎರಡು ತಿಂಗಳಲ್ಲಿ ನಾವು ಮಾಡಿದ ಕೆಲಸವೆಂದರೆ ದೂರು ಬರೆದುದು. ನಮ್ಮ ಹಳೆಯ ಶಿಷ್ಯನೊಬ್ಬನು ವಕೀಲನಾಗಿದ್ದಾನೆ. ಆತನಿಗೆ ತೋರಿಸಲೆಂದು ಹತ್ತು ಪುಟಗಳನ್ನು ಬರೆದೆವು. ಮೂರು ಲಕ್ಷ ರೂಪಾಯಿಗಳ ಪರಿಹಾರವನ್ನು ಕೇಳಿದೆವು. ಶಬ್ದಗಳಿಗೆ ಕೊರತೆಯಿರಲಿಲ್ಲವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಆತನು ಕನ್ನಡಕವನ್ನು ಹಣೆಗೇರಿಸಿ ಎಲ್ಲವನ್ನೂ ಓದಿ, ‘ಮೇಷ್ಟ್ರೇ, ಕೋಪ ಮಾಡ್ಕೋಬೇಡಿ. ಇದರಲ್ಲಿ ಮನೆಗೆ ಏನಾಯಿತು ಅನ್ನೋದು ಎಲ್ಲಿದೆ?’ ಎಂದನು.

ಮನೆಗೆ ಹಿಂದಿರುಗಿ, ಅವಮಾನವನ್ನು ನುಂಗಿಕೊಳ್ಳಲು, ಒದ್ದೆಯಾದ ಕಪಾಟಿನಿಂದ ಬಿಸಿಲಿಗೆ ಹಾಕಿದ್ದ ಮಿತಾಕ್ಷರೆಯನ್ನು ತೆಗೆದೆವು. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ವ್ಯಾಖ್ಯಾನವದು; ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬), ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ ಹುಟ್ಟಿದ ಗ್ರಂಥ. ಬಂಗಾಳ ಮೊದಲಾದ ಕೆಲವು ಕಡೆಗಳನ್ನು ಬಿಟ್ಟರೆ, ಹಿಂದೂಗಳ ದಾಯಭಾಗಕ್ಕೆ ಆಂಗ್ಲರ ನ್ಯಾಯಾಲಯಗಳೂ ಇದನ್ನೇ ಪ್ರಮಾಣವಾಗಿಟ್ಟುಕೊಂಡಿದ್ದುವು. ಅದರ ವ್ಯವಹಾರಾಧ್ಯಾಯದಲ್ಲಿ ಫಿರ್ಯಾದಿನಂತೆ ಕಂಡರೂ ಫಿರ್ಯಾದಲ್ಲದವುಗಳನ್ನು ಪಕ್ಷಾಭಾಸಗಳೆಂದು ಹೆಸರಿಟ್ಟು ಎಣಿಸಿರುವರು. ವಿದ್ಯಾರ್ಥಿದೆಶೆಯಲ್ಲಿ ಇವನ್ನು ಬಾಯಿಪಾಠ ಮಾಡಿದ್ದೆವು. ಅವು ನಮ್ಮನ್ನೇ ಕುರಿತವೆಂದು ಆಗ ತಿಳಿದಿರಲಿಲ್ಲ.

ಲೋಕದಲ್ಲಿಲ್ಲದ ವಸ್ತುವಿನ ಮೇಲಣ ದೂರು ಅಪ್ರಸಿದ್ಧ: ನನ್ನ ಮೊಲದ ಕೊಂಬನ್ನು ತೆಗೆದುಕೊಂಡು ಹೋಗಿ ಹಿಂದಕ್ಕೆ ಕೊಡಲೊಲ್ಲನೆಂಬಂತೆ. ಯಾವ ಬಾಧೆಯೂ ಇಲ್ಲದ ದೂರು ನಿರಾಬಾಧ: ನಮ್ಮ ಮನೆಯ ದೀಪದ ಬೆಳಕಿನಲ್ಲಿ ಇವನು ತನ್ನ ಮನೆಯ ಕೆಲಸ ಮಾಡಿಕೊಳ್ಳುತ್ತಾನೆಂಬಂತೆ. ನೆರೆಯವನು ನಮ್ಮ ಮನೆಯ ಹತ್ತಿರ ಇಂಪಾಗಿ ಪಾಠ ಹೇಳಿಕೊಳ್ಳುತ್ತಾನೆಂದು ದೂರುವುದು ನಿಷ್ಪ್ರಯೋಜನ. ಮೂಕನು ನನ್ನನ್ನು ಬೈದನೆಂಬುದು ವಿರುದ್ಧ. ಇನ್ನು ಅಸಾಧ್ಯವೆಂಬುದಕ್ಕೆ, ಎಂದರೆ ಸಾಧಿಸಿ ತೋರಿಸಲಾಗದ ದೂರಿಗೆ, ಆಚಾರ್ಯರು ಕೊಡುವ ಉದಾಹರಣೆ ಯಾವುದು? ದೇವದತ್ತನು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿ ನಕ್ಕನೆಂಬುದು.

ನಮ್ಮ ಹತ್ತು ಪುಟಗಳನ್ನು ತೆಗೆದು ನೋಡಿದೆವು. ನಾಲ್ಕನೆಯ ಪುಟದಲ್ಲಿ, ‘ಸದರಿ ಗುತ್ತಿಗೆದಾರನು ಬಿದ್ದ ಗಾರೆಯನ್ನು ಕಾಲಿನಿಂದ ಸರಿಸಿ, ಹುಬ್ಬೇರಿಸಿ, ಪರಿಹಾಸದ ನಗೆ ನಕ್ಕನು’ ಎಂದಿದ್ದಿತು. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕುಳಿತವನು ನಮ್ಮ ಕಾಗದವನ್ನು ಓದಿ ಗೀಟು ಹಾಕಿದಂತಾಯಿತು. ಹತ್ತು ಪುಟಗಳಲ್ಲಿ ಒಂಬತ್ತನ್ನು ಹರಿದೆವು. ಉಳಿದ ಒಂದರಲ್ಲಿ ದಿನಾಂಕ, ಕೊಟ್ಟ ಹಣ, ಕಿತ್ತ ತಾರಸಿ, ಮುಚ್ಚಿದ ಕೊಳವೆ, ಇಲ್ಲದ ಟಾರ್ಪಾಲು, ಬಿದ್ದ ಗಾರೆ, ನೆನೆದ ಜಂತೆ, ಇಷ್ಟೆ.

ಶಿಷ್ಯನು ಈ ಸಲ ತಲೆದೂಗಿದನು. ಬಾಯಿಮಾತಿನ ಕರಾರೂ ಕರಾರೇ, ರುಜುವಾತು ಮಾತ್ರ ಕಷ್ಟವೆಂದನು. ಹಣ ಹೋದುದಕ್ಕೆ ಬ್ಯಾಂಕಿನ ಲೆಕ್ಕವಿದ್ದಿತು, ಭಂಗಕ್ಕೆ ಚಿತ್ರಗಳಿದ್ದುವು. ಕಟ್ಟುವವರ ಮೇಲೆ ಐದು ವರ್ಷದ ಹೊಣೆ ಹೊರಿಸುವ ರೇರಾ ಕಾಯಿದೆಯೊಂದು (೨೦೧೬) ಇದೆಯಲ್ಲವೆ ಎಂದು ಕೇಳಲಾಗಿ, ಅದು ಮನೆಗಳನ್ನು ಕಟ್ಟಿ ಮಾರುವ ಪ್ರವರ್ತಕರಿಗೆ. ನಮ್ಮದೇ ಮನೆಯ ರಿಪೇರಿಗೆ ನಾವು ಕರೆದವನಿಗೆ ಅದು ಹತ್ತುವುದಿಲ್ಲವೆಂದನು. ನಮಗೆ ಹತ್ತುವುದು ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮ. ಮನೆ ಕಟ್ಟುವುದೂ ಅದರ ಸೇವೆಗಳಲ್ಲಿ ಸೇರಿದೆ. ಕೊಟ್ಟ ಹಣವು ಐದು ಲಕ್ಷವನ್ನು ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲನೇ ಬೇಕೆಂಬುದಿಲ್ಲ, ಉಭಯರೂ ಒಪ್ಪಿದರೆ ಅಲ್ಲಿಯೇ ಮಧ್ಯಸ್ಥಿಕೆಗೂ ಏರ್ಪಾಡಿದೆ. ಮೊದಲು ಒಂದು ನೋಟೀಸು ಹೋಗಲೆಂದನು. ಆಗಿನ್ನೂ ರಿಜಿಸ್ಟರ್ ಅಂಚೆಯಿದ್ದಿತು (೨೦೨೫ರಲ್ಲಿ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು). ಡಿಸೆಂಬರಿನ ಮೂರನೆಯ ವಾರದಲ್ಲಿ ಕಳುಹಿಸಿದೆವು.

‘ಪುಸ್ತಕಗಳ ಬೆಲೆ ಸೇರಿಸಿಲ್ಲವಲ್ಲಪ್ಪ?’ ಎಂದೆವು. ಆತನು, ‘ಮಳೆಯಾದ ಮೇಲೆ ಅವನ್ನ ಯಾವಾಗ ಹೊರಗೆ ತೆಗೆದಿರಿ?’ ಎಂದು ಕೇಳಿದನು. ಮೂರನೆಯ ದಿನ. ಗುತ್ತಿಗೆದಾರನು ಬಂದು ಕಣ್ಣಾರೆ ನೋಡಲಿ ಎಂಬ ಹಠದಿಂದ, ಮನೆಯಾಕೆಯು ಎಷ್ಟು ಹೇಳಿದರೂ ಕೇಳದೆ, ಒದ್ದೆ ಪುಸ್ತಕಗಳನ್ನು ಕಪಾಟಿನಲ್ಲಿಯೇ ಎರಡು ದಿನ ಬಿಟ್ಟಿದ್ದೆವು. ಅಷ್ಟರಲ್ಲಿ ಬೂಷ್ಟು ಹಿಡಿದಿತ್ತು. ೧೮೭೨ರ ಕರಾರು ಅಧಿನಿಯಮದ ೭೩ನೆಯ ಕಲಮಿನ ವಿವರಣೆಯನ್ನು ಆತನು ಓದಿಹೇಳಿದನು: ನಷ್ಟವನ್ನು ಎಣಿಸುವಾಗ, ಅದನ್ನು ತಪ್ಪಿಸಿಕೊಳ್ಳಲು ಇದ್ದ ಉಪಾಯವನ್ನೂ ಎಣಿಸಬೇಕಂತೆ. ಪುಸ್ತಕಗಳ ಮಾತನ್ನು ಅಲ್ಲಿಗೆ ಬಿಟ್ಟೆವು.

ಜನವರಿಯಲ್ಲಿ ಉತ್ತರ ಬಂದಿತು. ತಾರಸಿ ತೆರೆದಿದ್ದುದು ನಿಜ; ಆದರೆ ಮಳೆಗೆ ಮೊದಲೇ ಮುಗಿಸುವೆನೆಂದು ತಾನು ಸೆಪ್ಟೆಂಬರಿನಲ್ಲಿ ಎಚ್ಚರಿಸಿದ್ದರೂ ಮೇಷ್ಟ್ರು ಬಿಡಲಿಲ್ಲ; ಆ ಸಂದೇಶವು ತನ್ನ ಮೊಬೈಲಿನಲ್ಲಿದ್ದಿತು, ಆ ಮೊಬೈಲು ನವೆಂಬರಿನಲ್ಲಿ ಕಳೆದುಹೋಯಿತು. ತನಗೆ ಬರಬೇಕಾದ ೧,೭೦,೦೦೦ ರೂಪಾಯಿಗಳನ್ನು ಕೂಡಲೆ ಕೊಡತಕ್ಕದ್ದು.

ಶಾಸ್ತ್ರದಲ್ಲಿ ಪ್ರತಿವಾದಿಯ ಉತ್ತರವು ನಾಲ್ಕು ಬಗೆ. ಒಪ್ಪಿಕೊಳ್ಳುವುದು ಸತ್ಯ, ಅಲ್ಲಗಳೆಯುವುದು ಮಿಥ್ಯೆ, ಹಿಂದೆಯೇ ಇದು ತೀರ್ಪಾಗಿದೆ ಎಂಬುದು ಪ್ರಾಙ್ನ್ಯಾಯ, ‘ಹೌದು, ಆದರೆ’ ಎಂಬುದು ಪ್ರತ್ಯವಸ್ಕಂದನ. ಗುತ್ತಿಗೆದಾರನದು ಈ ಕಡೆಯದು. ಮಿಥ್ಯೆಯಾದರೆ ಸಾಧಿಸುವ ಭಾರವು ವಾದಿಯದು. ‘ಹೌದು, ಆದರೆ’ ಎಂದಲ್ಲಿ ಭಾರವು ಹಾಗೆಂದವನ ತಲೆಗೆ ಬರುತ್ತದೆ. ಆತನ ಸಾಧನವೊ ಕಳೆದುಹೋಗಿದೆ. ಆದುದರಿಂದ ಗೆಲವು ನಮ್ಮದೇ. ಆ ರಾತ್ರಿ ನಾವು ಊಟವನ್ನು ರುಚಿಯಾಗಿ ಮಾಡಿದೆವು.

ಮರುವಾರ, ಸಂಜೆಯ ಹೊತ್ತು, ಒಬ್ಬ ಮನುಷ್ಯನು ಬಂದು ಜಗುಲಿಯ ಕೆಳಗೆ ನಿಂತನು. ತಾರಸಿಯ ಕೆಲಸದಲ್ಲಿದ್ದ ಮೇಸ್ತ್ರಿ, ಯಾದಗಿರಿಯ ಕಡೆಯವನು. ಕೂತುಕೊಳ್ಳೆಂದರೆ ಕೂರಲಿಲ್ಲ. ‘ಮಾಸ್ತರ್ರ, ಹೆಂಗ ಹೇಳ್ಬೇಕೊ ತಿಳೀವಲ್ದು. ನೀವು ರೊಕ್ಕಾ ಕೊಡಲಿಲ್ಲಂತ ನಮ್ಮ ಪಗಾರ ನಿಂತದರಿ. ಐದು ಮಂದಿದು. ದೀಪಾವಳಿಗೆ ಊರಿಗೆ ಬರಿಗೈಲೆ ಹೋದ್ವಿ’ ಎಂದನು. ಎಷ್ಟೆಂದು ಕೇಳಲಾಗಿ ನಲವತ್ತಾರು ಸಾವಿರವೆಂದು ತಿಳಿಯಬಂದಿತು.

ಗುತ್ತಿಗೆದಾರನು ಕೊಡಬೇಕಾದ ಕೂಲಿ ಅದು, ನಾವು ಕೊಡಬೇಕಾದುದಲ್ಲ, ಹಾಗೆಂದೆವು. ‘ಖರೆ ಅದರಿ’ ಎಂದು ಆತನು ಒಪ್ಪಿಕೊಂಡು, ಮನೆಯಾಕೆಯು ಕೊಟ್ಟ ಕಾಫಿಯನ್ನು ನಿಂತೇ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದನು. ಕೂಲಿಯನ್ನು ಕೊಡದವನಿಗೆ ಹತ್ತರಲ್ಲೊಂದು ಪಾಲು ಅಥವಾ ಆರು ಪಣ ದಂಡವೆಂದು ಅರ್ಥಶಾಸ್ತ್ರದಲ್ಲಿದೆ. ದಂಡವು ಗುತ್ತಿಗೆದಾರನಿಗೆಂದು ನಾವು ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಮನೆಯಾಕೆಯು ಒಳಗಿನಿಂದ, ‘ಏನೂಂದ್ರೆ, ಆತ ಸೆಪ್ಟೆಂಬರಿನಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು. ಅವನ ಫೋನು ಕಳೆದರೆ ನಿಮ್ಮದು ಕಳೆದಿದೆಯೇ?’ ಎಂದಳು.

ಕಳೆದಿರಲಿಲ್ಲ. ಕನ್ನಡಕ ಹಾಕಿಕೊಂಡು ಹುಡುಕಿದೆವು. ಸೆಪ್ಟೆಂಬರ್ ೧೬ರಂದು ಆತನ ಧ್ವನಿ: ‘ಮೇಷ್ಟ್ರೇ, ನಾಳೆ ನಾಡಿದ್ದರಲ್ಲೇ ಶುರು ಮಾಡಿಬಿಡ್ತೀನಿ. ದಸರಾ ಆದ ಮೇಲೆ ಅಂದ್ರೆ ಹಿಂಗಾರು ಹಿಡ್ಕೊಳ್ಳುತ್ತೆ. ತಾರಸಿ ಬಿಚ್ಚಿದಾಗ ಮಳೆ ಬಂದ್ರೆ ಕಷ್ಟ.’ ಅದರ ಕೆಳಗೆ ನಾವು ಅಚ್ಚುಕಟ್ಟಾಗಿ, ವಿರಾಮಚಿಹ್ನೆಗಳ ಸಮೇತ ಬರೆದ ಉತ್ತರ: ‘ಪಿತೃಪಕ್ಷದಲ್ಲಿ ಕೂಡದು. ವಿಜಯದಶಮಿಗೆ ಪ್ರಾರಂಭಿಸತಕ್ಕದ್ದು.’ ಬರವಣಿಗೆಯೇ ಇಲ್ಲದ ವ್ಯವಹಾರದಲ್ಲಿ ಇದ್ದ ಒಂದೇ ಬರಹವು ನಮ್ಮದು.

ಮಂಗಳಕಾರ್ಯಗಳಿಗೆ ಆ ಪಕ್ಷವು ವರ್ಜ್ಯವೆಂಬುದು ರೂಢಿ. ಸೋರುವ ಸೂರನ್ನು ಸರಿಪಡಿಸುವುದು ಮದುವೆಯೂ ಅಲ್ಲ, ಗೃಹಪ್ರವೇಶವೂ ಅಲ್ಲ. ಯಾರಾದರೂ ಬಂದು ನಮ್ಮನ್ನು ಕೇಳಿದ್ದರೆ ಹಾಗೆಂದೇ ಹೇಳಿಕಳುಹಿಸುತ್ತಿದ್ದೆವು. ನಮ್ಮ ಮನೆಗೆ ಬಂದಾಗ ಆ ವಿವೇಚನೆ ಬರಲಿಲ್ಲ. ಗುತ್ತಿಗೆದಾರನು ಕಾಲವನ್ನು ಹೇಳಿಕೊಡುವುದೇ ಎಂಬ ಬಿಗುಮಾನವೂ ಒಳಗೆ ಇದ್ದಿರಬಹುದು.

ಎರಡು ದಿನ ಯಾರಿಗೂ ಹೇಳಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೂ ಬರೆಯುತ್ತೇವೆ: ಆ ಸಂದೇಶವನ್ನು ಅಳಿಸಿಬಿಡಲು ಒಂದು ಬೆರಳು ಸಾಕೆಂಬ ಯೋಚನೆ ಬಂದುದುಂಟು. ಶಿಷ್ಯನಿಗೆ ಫೋನು ಮಾಡಿ, ‘ಧ್ವನಿಯೂ ಸಾಕ್ಷ್ಯವಾಗುತ್ತದೆಯೇನಪ್ಪ?’ ಎಂದು, ಯಾರದೋ ವಿಷಯವೆಂಬಂತೆ ಕೇಳಿದೆವು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಗಳೂ ದಸ್ತಾವೇಜುಗಳೇ ಎಂದು ಆತನು ಹೇಳಿ, ಒಂದು ಕ್ಷಣ ಸುಮ್ಮನಿದ್ದು, ‘ನಿಮ್ಮ ಹತ್ತಿರ ಇದೆಯೇ, ಮೇಷ್ಟ್ರೇ?’ ಎಂದನು. ಇದೆ ಎಂದೆವು. ಆತನು, ‘ಹಾಗಾದರೆ ಆಯೋಗಕ್ಕೆ ಹೋಗೋ ಮುಂಚೆ ಒಂದು ಸಲ ಕೂತು ಮಾತಾಡಿ’ ಎಂದನು.

ಕೂರುವುದೆಲ್ಲಿ? ಮನೆ, ಹೊಲ, ತೋಟ, ಕೆರೆಗಳ ವಿವಾದಗಳನ್ನು ನೆರೆಯವರ ಮಾತಿನ ಮೇಲೆ ತೀರಿಸಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಆ ಗ್ರಂಥವೇ ಲೋಕಕ್ಕೆ ಮರೆಯಾಗಿದ್ದು, ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಓಲೆಯ ಪ್ರತಿಯಾಗಿ ಸಿಕ್ಕಿ, ೧೯೦೯ರಲ್ಲಿ ಅಚ್ಚಾಯಿತೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಹೇಳಿದಂತೆ ಕೆಲಸ ಮಾಡದ ಕುಶಲಕರ್ಮಿಯು ಕೂಲಿಯನ್ನು ಕಳೆದುಕೊಂಡು ಅದರ ಇಮ್ಮಡಿ ದಂಡ ತೆರಬೇಕೆಂಬ ನಿಯಮವೂ ಅಲ್ಲಿದೆ. ಇದನ್ನು ಶಿಷ್ಯನಿಗೆ ಹಿಂದೆ ಹೇಳಿದ್ದಾಗ, ಆಯೋಗದಲ್ಲಿ ಚಾಣಕ್ಯರು ಕೂರುವುದಿಲ್ಲವೆಂದು ನಕ್ಕಿದ್ದನು. ಕೆಟ್ಟುದನ್ನು ಕರ್ಮಿಯೇ ತುಂಬಿಕೊಡಬೇಕು, ಆಕಸ್ಮಿಕ ವಿಪತ್ತಿನ ಹೊರತು, ಎಂದು ಅದೇ ಅಧ್ಯಾಯದಲ್ಲಿದ್ದುದನ್ನು ನಾವು ಆಗ ಹೇಳಿರಲಿಲ್ಲ.

ನಮ್ಮ ಎಡಮನೆಯಲ್ಲಿ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರರೊಬ್ಬರಿದ್ದಾರೆ. ಮಾತು ಕಡಮೆ, ಅಳತೆಯ ಪಟ್ಟಿಯು ಯಾವಾಗಲೂ ಜೇಬಿನಲ್ಲಿ. ಉಭಯ ಪಕ್ಷದವರೂ ಅವರನ್ನು ಒಪ್ಪಿದೆವು. ಜನವರಿಯ ಕಡೆಯ ಭಾನುವಾರ ಅವರ ಪಡಸಾಲೆಯಲ್ಲಿ ಸೇರಿದೆವು. ಗುತ್ತಿಗೆದಾರನು ಮುಖ ಬಿಗಿದುಕೊಂಡು ಕುಳಿತಿದ್ದನು. ಆತನು ಬಾಯಿ ತೆರೆಯುವ ಮೊದಲೇ ನಾವು ಮೊಬೈಲನ್ನು ಮ್ಯಾಜಿನ ಮೇಲಿಟ್ಟು ಆ ಸಂದೇಶವನ್ನು ಕೇಳಿಸಿದೆವು. ಆತನ ಧ್ವನಿಯು ಆ ಕೋಣೆಯಲ್ಲಿ ಬಹಳ ದೊಡ್ಡದಾಗಿ ಕೇಳಿಸಿತು. ಆಮೇಲೆ ನಮ್ಮ ಉತ್ತರವನ್ನೂ ಓದಿದೆವು.

ಆತನು ಗೆದ್ದವನಂತೆ ಏನಾದರೂ ಹೇಳುವನೆಂದುಕೊಂಡಿದ್ದೆವು. ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಕೊಳವೆ ಬಾಯಿ ನೋಡಬೇಕಿತ್ತು, ಸ್ವಾಮಿ. ಅದು ನಂದೇ ತಪ್ಪು. ಟಾರ್ಪಾಲು ಬೇರೆ ಸೈಟಿನಲ್ಲಿ ಸಿಕ್ಕಿಹಾಕ್ಕೊಂಡಿತ್ತು’ ಎಂದನು. ಮೂರು ತಿಂಗಳಿಂದ ನೋಟೀಸಿನಲ್ಲಿ ಕೇಳಿದರೂ ಬಾರದಿದ್ದ ಮಾತು ಅದು.

ಎಂಜಿನಿಯರರು ಏಣಿ ಹಾಕಿಸಿ ಮೇಲೆ ಹತ್ತಿ, ಜಂತೆಗಳನ್ನು ಉಳಿಯಿಂದ ಚುಚ್ಚಿ ನೋಡಿ, ಮಧ್ಯಾಹ್ನದವರೆಗೂ ಬರೆದುಕೊಂಡರು. ಎರಡು ಜಂತೆಗಳ ತುದಿ ಬದಲಾಯಿಸುವುದು, ಒಳಮಾಳಿಗೆಯ ಗಾರೆ, ವಿದ್ಯುತ್ತಿನ ತಂತಿ, ಎಲ್ಲ ಸೇರಿ ೧,೨೦,೦೦೦ ರೂಪಾಯಿಗಳ ಭಂಗವೆಂದರು. ಕಾಲ ತಪ್ಪಿದುದು ಮನೆಯವರಿಂದ. ಆದರೆ ತಪ್ಪಿದ ಕಾಲದಲ್ಲಿಯೂ ಎಚ್ಚರದಿಂದ ಮಾಡಿದ್ದರೆ ಮನೆಯು ಉಳಿಯುತ್ತಿದ್ದಿತು. ಆದುದರಿಂದ ಮೂರರಲ್ಲಿ ಎರಡು ಪಾಲು ಗುತ್ತಿಗೆದಾರನದು, ಒಂದು ಪಾಲು ನಮ್ಮದು. ನಮಗೆ ಅರ್ಧವನ್ನೇ ಹೊರಿಸುವರೆಂದು ಹೆದರಿದ್ದೆವು. ಗುತ್ತಿಗೆದಾರನಿಗೆ ಪೂರ್ತಿ ಬರುವುದೆಂಬ ಭಯವಿದ್ದಿತಂತೆ.

ರಿಪೇರಿಯನ್ನು ಆತನೇ ಮಾಡಿಕೊಡುವುದು. ನಾವು ನಮ್ಮ ಪಾಲಿನ ೪೦,೦೦೦ವನ್ನು ಬಾಕಿ ೧,೭೦,೦೦೦ಕ್ಕೆ ಸೇರಿಸಿ ಒಟ್ಟು ೨,೧೦,೦೦೦ ಕೊಡುವುದು. ಅದರಲ್ಲಿ ೬೦,೦೦೦ ಅಂದೇ; ಅದರಿಂದ ಮೇಸ್ತ್ರಿಯ ಮತ್ತು ಆಳುಗಳ ಕೂಲಿಯನ್ನು ನಮ್ಮೆದುರಿಗೆ ಚುಕ್ತಾ ಮಾಡತಕ್ಕದ್ದೆಂದು ನಾವು ಕೇಳಿದೆವು, ಆತನು ಒಪ್ಪಿದನು. ಒಂದು ಲಕ್ಷ ಕೆಲಸ ಮುಗಿದ ದಿನ. ಉಳಿದ ೫೦,೦೦೦ ಒಂದು ಮಳೆಗಾಲವು ಪೂರ್ತಿ ಕಳೆದ ಮೇಲೆ, ೨೦೨೫ರ ನವೆಂಬರ್ ೩೦ರಂದು. ಇಷ್ಟನ್ನೂ ಛಾಪಾ ಕಾಗದದ ಮೇಲೆ ಬರೆದುದು ನಾವೇ. ಒಂದೂವರೆ ಪುಟ, ಒಂದು ವಿಶೇಷಣವೂ ಇಲ್ಲ.

ಇನ್ನೊಂದು ಷರತ್ತನ್ನು ಎಂಜಿನಿಯರರು ಸೇರಿಸಿದರು. ಸುಣ್ಣದ ತಾರಸಿಯ ಮೇಲೆ ಸಿಮೆಂಟು ಹಾಕಕೂಡದು. ಸುಣ್ಣವು ಹೀರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿ ಕೆಳಗಿನ ಮರವನ್ನು ಕೊಳೆಯಿಸುತ್ತದೆ. ಗುತ್ತಿಗೆದಾರನು ಮೊದಲು ಹಾಕಹೊರಟಿದ್ದುದು ಸಿಮೆಂಟನ್ನೇ. ಹಾಗೆ ನೋಡಿದರೆ ಆ ಮಳೆಯು ನಮಗೆ ಒಂದು ಉಪಕಾರವನ್ನೂ ಮಾಡಿತೆನ್ನಬೇಕು, ಆದರೆ ಅದನ್ನು ನಾವು ಗುತ್ತಿಗೆದಾರನ ಮುಂದೆ ಹೇಳಲಿಲ್ಲ. ಆತನು ದೇವನಹಳ್ಳಿಯ ಕಡೆ ಹುಡುಕಾಡಿ ಸುಣ್ಣದ ಕೆಲಸ ಬಲ್ಲ ಮುದುಕರೊಬ್ಬರನ್ನು ಕರೆತಂದನು. ಯಾದಗಿರಿಯ ಮೇಸ್ತ್ರಿಯು ಅವರ ಕೈಕೆಳಗೆ ನಿಂತು ಹೊಸದಾಗಿ ಕಲಿತನು. ಫೆಬ್ರವರಿಯ ತುಂಬ ತಾರಸಿಯ ಮೇಲೆ ಕೊಡತಿಯ ಸದ್ದು. ಹಾಡು ಮಾತ್ರ ಇರಲಿಲ್ಲ; ಒಬ್ಬ ಹುಡುಗನ ಮೊಬೈಲಿನಲ್ಲಿ ಸಿನಿಮಾ ಪದಗಳು ಬರುತ್ತಿದ್ದುವು. ಮಾರ್ಚ್ ೩೦ರ ಯುಗಾದಿಗೆ, ವಿಶ್ವಾವಸು ಸಂವತ್ಸರವು ಹುಟ್ಟುವ ಹೊತ್ತಿಗೆ, ಬಿಲ್ಲೆಗಳನ್ನು ಕೂರಿಸಿ ಮುಗಿದಿದ್ದಿತು.

ಆ ವರ್ಷದ ಮುಂಗಾರೂ ಹಿಂಗಾರೂ ಬಂದುಹೋದುವು. ಪ್ರತಿ ಮಳೆಗೂ ನಾವು ದೀಪ ಹಿಡಿದು ಮಾಳಿಗೆಯನ್ನು ನೋಡುತ್ತ ತಿರುಗಿದೆವು. ದೇವರ ಮನೆಯ ಮೂಲೆಯೂ ಒಣಗಿಯೇ ಇದ್ದಿತು. ನವೆಂಬರ್ ೩೦ರಂದು ಗುತ್ತಿಗೆದಾರನು ಬಂದನು. ಮೊದಲು ತಾನೇ ಮೇಲೆ ಹತ್ತಿ ಕೊಳವೆಯ ಬಾಯಲ್ಲಿ ಕೈಯಾಡಿಸಿ, ಎರಡು ಒಣ ಎಲೆಗಳನ್ನು ತೆಗೆದೆಸೆದು, ಕೆಳಗಿಳಿದು ಹಣವನ್ನು ಎಣಿಸಿಕೊಂಡನು. ರಸೀತಿಯನ್ನು ಕೇಳುವ ಮೊದಲೇ ಬರೆದುಕೊಟ್ಟನು. ಮನೆಯಾಕೆಯು ಕೊಟ್ಟ ಉಪ್ಪಿಟ್ಟನ್ನು ತಿನ್ನುತ್ತ ಗೋಡೆಯ ಕಲೆಗಳನ್ನು ನೋಡಿ, ಹೊರಗಡೆಯೆಲ್ಲ ಒಂದು ಸಲ ಸುಣ್ಣ ಹೊಡೆಸಿಬಿಡಬೇಕೆಂದನು. ಆಗಲಿ, ಬರುವ ವರ್ಷ ನೋಡೋಣವೆಂದೆವು.

ಆತನು ಕೈ ತೊಳೆದುಕೊಂಡು ಬಂದು, ಚಪ್ಪಲಿ ಮೆಟ್ಟಿಕೊಳ್ಳುತ್ತ, ‘ಯಾವಾಗ ಬರಲಿ ಮೇಷ್ಟ್ರೇ, ಪಿತೃಪಕ್ಷಕ್ಕೆ ಮುಂಚೆಯೋ ಆಮೇಲೋ?’ ಎಂದನು. ಒಳಗಿನಿಂದ ಮನೆಯಾಕೆಯು ನಕ್ಕುದು ಜಗುಲಿಯವರೆಗೂ ಕೇಳಿಸಿತು.